ಪೋಲೆಂಡಿನ ಪ್ರಶ್ನೆಯೂ ಎರಡು ಬಣಗಳ ವೈರವೂ

ಎರಡನೆಯ ಮಹಾಯುದ್ಧದಲ್ಲಿ ಒಂದೇ ಶತ್ರುವಿನ ಮೇಲೆ ಕೂಡಿ ಕಾದಿದ ರಾಷ್ಟ್ರಗಳು, ಯುದ್ಧವು ಮುಗಿದು ಎರಡು ವರ್ಷ ತುಂಬುವಷ್ಟರಲ್ಲಿ ಒಂದರ ಮುಖವನ್ನೊಂದು ನೋಡಲಾರದಂತಾದುದು ಹೇಗೆ? ಒಂದು ಕಡೆಯಲ್ಲಿ ಅಮೆರಿಕ, ಇಂಗ್ಲೆಂಡು ಮೊದಲಾದ ಪ್ರಜಾಪ್ರಭುತ್ವ ರಾಷ್ಟ್ರಗಳು. ಇನ್ನೊಂದು ಕಡೆಯಲ್ಲಿ ಕಮ್ಯೂನಿಸ್ಟ್ ರಷ್ಯವೂ ಅದರ ಅಂಕೆಯೊಳಗಿನ ರಾಜ್ಯಗಳೂ. ನಾಲ್ಕು ದಶಕಗಳಿಗೂ ಮೀರಿ ಲೋಕವನ್ನು ತಲ್ಲಣದಲ್ಲಿಟ್ಟ ಈ ವೈರಕ್ಕೆ ಶೀತಲ ಸಮರವೆಂದು ಹೆಸರು. ಯುದ್ಧೋತ್ತರದ ಸ್ಥಿತಿಗೆ ಆ ಹೆಸರನ್ನು ಮೊದಲು ಹಚ್ಚಿದವರಲ್ಲಿ ಒಬ್ಬರು ಜಾರ್ಜ್ ಆರ್ವೆಲ್ ಎಂಬ ಆಂಗ್ಲ ಗ್ರಂಥಕರ್ತರು. ಅವರು ಹುಟ್ಟಿದ ಊರು ನಮ್ಮ ಬಿಹಾರದ ಮೋತಿಹಾರಿ. ೧೯೪೫ನೆಯ ಅಕ್ಟೋಬರಿನಲ್ಲಿ ಪರಮಾಣು ಬಾಂಬಿನ ವಿಷಯವಾಗಿ ಬರೆದ ಲೇಖನವೊಂದರಲ್ಲಿ ಅವರು ಆ ಮಾತನ್ನು ಬಳಸಿದರು.

ವೈರದ ಬೀಜವು ಯಾವಾಗ ಬಿತ್ತೆಂಬುದರಲ್ಲಿ ಪಂಡಿತರಿಗೆ ಏಕಾಭಿಪ್ರಾಯವಿಲ್ಲ. ೧೯೧೭ರ ಕ್ರಾಂತಿಯ ತರುವಾಯ ಇಂಗ್ಲೆಂಡು, ಫ್ರಾನ್ಸು, ಅಮೆರಿಕ, ಜಪಾನುಗಳು ರಷ್ಯದ ನೆಲದಲ್ಲಿ ಸೈನ್ಯವಿಳಿಸಿದಾಗಲೇ ಬಿತ್ತೆಂದು ಕೆಲವರು. ಹಿರೋಷಿಮಾದ ಮೇಲೆ ಬಾಂಬು ಬಿದ್ದಂದು ಎಂದು ಕೆಲವರು. ೧೯೪೬ನೆಯ ಮಾರ್ಚ್ ೫ರಂದು ಚರ್ಚಿಲ್ಲರು ಅಮೆರಿಕದ ಫುಲ್ಟನ್ ಎಂಬ ಊರಿನಲ್ಲಿ, ಯೂರೋಪಿನ ನಡುವೆ ಕಬ್ಬಿಣದ ಪರದೆ ಇಳಿದಿದೆಯೆಂದು ಸಾರಿದಂದು ಎಂದು ಮತ್ತೆ ಕೆಲವರು. ಎಲ್ಲದರಲ್ಲಿಯೂ ಒಂದಂಶ ನಿಜವುಂಟು. ಆದರೆ ತತ್ತ್ವಗಳ ಜಗಳವೆಂದು ಇದನ್ನು ಆಕಾಶದಲ್ಲಿಟ್ಟು ನೋಡಿದರೆ ಗೃಹಸ್ಥನ ಬುದ್ಧಿಗೆ ಏನೂ ನಿಲುಕದು. ಜಗಳವು ಯಾವ ನೆಲದ ಮೇಲೆ, ಯಾವ ಜನರ ವಿಷಯವಾಗಿ ಮೊದಲು ಬಿರುಸಾಯಿತೋ ಅದನ್ನು ಹಿಡಿದರೆ ದಾರಿ ಕಾಣುವುದು. ಆ ನೆಲವು ಪೋಲೆಂಡು. ಇಂಗ್ಲೆಂಡು ಯುದ್ಧಕ್ಕೆ ಇಳಿದುದು ಪೋಲೆಂಡಿನ ನಿಮಿತ್ತವಾಗಿ. ಯುದ್ಧವು ಮುಗಿಯುವಾಗ ಗೆದ್ದವರೊಳಗೆ ಮನಸ್ಸು ಮುರಿದುದೂ ಅದರ ನಿಮಿತ್ತವಾಗಿಯೇ. ಆದಕಾರಣ ಈ ತಿಂಗಳು ಪೋಲೆಂಡಿನ ಕಥೆಯನ್ನೇ ಹೇಳುವೆವು.

ಪೋಲೆಂಡು ಬಹುಮಟ್ಟಿಗೆ ಬಯಲು ಸೀಮೆ. ಪಶ್ಚಿಮಕ್ಕೆ ಜರ್ಮನಿ, ಪೂರ್ವಕ್ಕೆ ರಷ್ಯ. ನಡುವೆ ಅಡ್ಡವಾಗಿ ಬೆಟ್ಟವಿಲ್ಲ. ಹದಿನೆಂಟನೆಯ ಶತಮಾನದಲ್ಲಿ ರಷ್ಯ, ಪ್ರಷ್ಯ, ಆಸ್ಟ್ರಿಯಗಳು ಮೂರು ಸಲವಾಗಿ ಅದನ್ನು ಹಂಚಿಕೊಂಡುವು. ೧೯೧೮ರಲ್ಲಿ ಮತ್ತೆ ತಲೆಯೆತ್ತಿದ ಪೋಲೆಂಡು ೧೯೨೦ರಲ್ಲಿ ರಷ್ಯದ ಕೆಂಪು ಸೇನೆಯನ್ನು ವಾರ್ಸಾ ನಗರದ ಬಾಗಿಲಿನಿಂದ ಹಿಂದಟ್ಟಿತು. ಇತ್ತ ರಷ್ಯದ ಮಾತನ್ನೂ ಕೇಳಬೇಕು: ಜರ್ಮನರ ದಂಡು ರಷ್ಯದ ಮೇಲೆ ಬರುವ ಹೆದ್ದಾರಿ ಈ ಬಯಲೇ. ಆ ಬಾಗಿಲಿನ ಕೀಲಿಕೈ ತನ್ನ ಸೊಂಟದಲ್ಲಿರಬೇಕೆಂದು ರಷ್ಯವು ಬಯಸಿದುದರಲ್ಲಿ ಆಶ್ಚರ್ಯವಿಲ್ಲ. ೧೯೩೯ನೆಯ ಆಗಸ್ಟ್ ೨೩ರಂದು ಹಿಟ್ಲರನೂ ಸ್ಟಾಲಿನರೂ ಮಾಡಿಕೊಂಡ ಒಡಂಬಡಿಕೆಗೆ ಒಂದು ಗುಪ್ತ ಅನುಬಂಧವಿತ್ತು. ಅದರಲ್ಲಿ ಪೋಲೆಂಡನ್ನು ಇಬ್ಬರೂ ಪಾಲು ಹಾಕಿಕೊಂಡಿದ್ದರು. ಸೆಪ್ಟೆಂಬರ್ ೧ರಂದು ಜರ್ಮನ್ ಸೇನೆಯು ಪಶ್ಚಿಮದಿಂದ ನುಗ್ಗಿತು. ೧೭ರಂದು ರಷ್ಯದ ಸೇನೆಯು ಪೂರ್ವದಿಂದ ಬಂದಿತು. ಇಂಗ್ಲೆಂಡೂ ಫ್ರಾನ್ಸೂ ಜರ್ಮನಿಯ ಮೇಲೆ ಯುದ್ಧ ಸಾರಿದುವು. ರಷ್ಯದ ಮೇಲೆ ಸಾರಲಿಲ್ಲ.

ರಷ್ಯದ ಪಾಲಿಗೆ ಬಂದ ಪೂರ್ವಭಾಗದಿಂದ, ೧೯೪೦ ಮತ್ತು ೧೯೪೧ರಲ್ಲಿ, ಮೂರು ಲಕ್ಷಕ್ಕೂ ಮೇಲ್ಪಟ್ಟ ಜನರನ್ನು ಸರಕಿನ ರೈಲುಡಬ್ಬಿಗಳಲ್ಲಿ ತುಂಬಿ ಸೈಬೀರಿಯ, ಕಜಕಸ್ಥಾನಗಳಿಗೆ ಸಾಗಿಸಿದರು. ಸೆರೆಸಿಕ್ಕ ಸೇನಾಧಿಕಾರಿಗಳೇ ಮೊದಲಾದ ಸುಮಾರು ೨೨,೦೦೦ ಮಂದಿಯನ್ನು ೧೯೪೦ರ ವಸಂತದಲ್ಲಿ ಕಟೀನ್ ಕಾಡು ಮುಂತಾದ ಎಡೆಗಳಲ್ಲಿ ಗುಂಡಿಟ್ಟು ಕೊಂದರು. ಹೀಗಿರುವಲ್ಲಿ ೧೯೪೧ನೆಯ ಜೂನ್ ೨೨ರಂದು ಹಿಟ್ಲರನು ರಷ್ಯದ ಮೇಲೆಯೇ ಬಿದ್ದುದರಿಂದ ಎಲ್ಲವೂ ತಲೆಕೆಳಗಾಯಿತು. ಚರ್ಚಿಲ್ಲರು ಸ್ಟಾಲಿನರಿಗೆ ಕೈನೀಡಿದರು. ಲಂಡನ್ನಿನಲ್ಲಿ ಆಶ್ರಯ ಪಡೆದಿದ್ದ ಪೋಲಿಷ್ ಸರಕಾರಕ್ಕೂ ಸ್ಟಾಲಿನರಿಗೂ ರಾಜಿಯಾಗಿ, ಗಡೀಪಾರಾಗಿದ್ದ ಪೋಲಿಷರಿಗೆ ಬಿಡುಗಡೆಯಾಯಿತು. ಅವರಲ್ಲಿ ಲಕ್ಷಕ್ಕೆ ಮೇಲ್ಪಟ್ಟ ಜನರು ಜನರಲ್ ಆಂಡರ್ಸ್ ಎಂಬವರ ನಾಯಕತ್ವದಲ್ಲಿ ೧೯೪೨ರಲ್ಲಿ ರಷ್ಯವನ್ನು ಬಿಟ್ಟು ಇರಾನಿಗೆ ಬಂದು ಸೇರಿದರು. ಗಂಡಸರು ಸೈನ್ಯವಾದರು, ಹೆಂಗಸರಿಗೂ ಮಕ್ಕಳಿಗೂ ನೆಲೆಯನ್ನು ಹುಡುಕಬೇಕಾಯಿತು.

ಆ ನೆಲೆಗಳಲ್ಲಿ ಒಂದು ನಮ್ಮ ನೆರೆಯಲ್ಲಿಯೇ ಇತ್ತೆಂಬುದು ಇಂದಿನ ಓದುಗರಲ್ಲಿ ಅನೇಕರಿಗೆ ತಿಳಿದಿರಲಾರದು. ನಿಪ್ಪಾಣಿಯಿಂದಾಚೆಗೆ, ಕೊಲ್ಲಾಪುರದ ಸಮೀಪದ ವಳಿವಡೆ ಎಂಬಲ್ಲಿ ೧೯೪೩ರಲ್ಲಿ ಈ ನಿರಾಶ್ರಿತರಿಗಾಗಿ ಒಂದು ಬೀಡನ್ನು ಕಟ್ಟಿದರು. ಸಾಲು ಬಿಡಾರಗಳು, ಶಾಲೆಗಳು, ಒಂದು ಇಗರ್ಜಿ. ಸುಮಾರು ಐದು ಸಾವಿರ ಜನ. ಅತ್ತ ಕಾಠೇವಾಡದಲ್ಲಿ ನವಾನಗರದ ಜಾಮ್‌ಸಾಹೇಬ ದಿಗ್ವಿಜಯಸಿಂಹರು ಬಾಲಾಚಡಿಯಲ್ಲಿ ನೂರಾರು ಪೋಲಿಷ್ ಮಕ್ಕಳನ್ನು ಸಾಕಿದರು; ‘ಒಳ್ಳೆಯ ಮಹಾರಾಜ’ರೆಂದು ಅವರ ಹೆಸರಿನಲ್ಲಿ ಇಂದು ವಾರ್ಸಾದಲ್ಲಿ ಒಂದು ಚೌಕವೇ ಇದೆ. ವಳಿವಡೆಯ ತಾಯಂದಿರು ಯುದ್ಧ ಮುಗಿದು ಊರಿಗೆ ಮರಳುವ ದಿನವನ್ನು ಎಣಿಸುತ್ತಿದ್ದ ಕಾಲಕ್ಕೆ, ಆ ಊರುಗಳ ಹಣೆಬರಹವು ಬೇರೆಡೆಯಲ್ಲಿ ಬರೆಯಲ್ಪಡುತ್ತಿತ್ತು.

೧೯೪೩ನೆಯ ನವೆಂಬರ್ ಕೊನೆಯಲ್ಲಿ ಚರ್ಚಿಲ್, ರೂಸ್‌ವೆಲ್ಟ್, ಸ್ಟಾಲಿನ್ ಮೂವರೂ ಟೆಹರಾನಿನಲ್ಲಿ ಕೂಡಿದರು. ಒಂದು ರಾತ್ರಿ ಚರ್ಚಿಲ್ಲರು ಮೇಜಿನ ಮೇಲೆ ಮೂರು ಬೆಂಕಿಕಡ್ಡಿಗಳನ್ನಿಟ್ಟು ಪೋಲೆಂಡಿನ ವಿಷಯವನ್ನು ವಿವರಿಸಿದರು. ರಷ್ಯವು ಪಶ್ಚಿಮಕ್ಕೆ ಸರಿದು ಪೋಲೆಂಡಿನ ಪೂರ್ವಭಾಗವನ್ನು ತೆಗೆದುಕೊಳ್ಳುವುದು. ಪೋಲೆಂಡು ತಾನೂ ಪಶ್ಚಿಮಕ್ಕೆ ಸರಿದು ಜರ್ಮನಿಯಿಂದ ಅದನ್ನು ತುಂಬಿಕೊಳ್ಳುವುದು. ಸ್ಟಾಲಿನರಿಗೆ ಇದು ಮೆಚ್ಚುಗೆಯಾಯಿತೆಂದು ಚರ್ಚಿಲ್ಲರೇ ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ಆ ಕೋಣೆಯಲ್ಲಿ ಪೋಲಿಷರು ಒಬ್ಬರೂ ಇರಲಿಲ್ಲ. ಕೊನೆಗೆ ಪೋಲೆಂಡು ಪೂರ್ವದಲ್ಲಿ ಕಳೆದುಕೊಂಡುದು ಸುಮಾರು ೧,೮೦,೦೦೦ ಚದರ ಕಿಲೋಮೀಟರು, ಪಶ್ಚಿಮದಲ್ಲಿ ಪಡೆದುದು ಸುಮಾರು ೧,೦೦,೦೦೦. ಪೂರ್ವದ ಹೊಸ ಗಡಿಗೆ ಆಧಾರವಾದುದು ಕರ್ಜನ್ ಗೆರೆ; ೧೯೦೫ರಲ್ಲಿ ನಮ್ಮ ಬಂಗಾಳವನ್ನು ಒಡೆದ ಕರ್ಜನ್ ಪ್ರಭುಗಳೇ ೧೯೨೦ರಲ್ಲಿ ಇಂಗ್ಲೆಂಡಿನ ವಿದೇಶಾಂಗ ಮಂತ್ರಿಯಾಗಿದ್ದುದರಿಂದ ಅದಕ್ಕೆ ಆ ಹೆಸರು. ಗೆರೆ ಎಳೆಯುವ ಯೋಗವು ಕೆಲವರ ಜಾತಕದಲ್ಲಿಯೇ ಇರುವುದೋ ಏನೋ!

ಮರುವರ್ಷ, ೧೯೪೪ನೆಯ ಅಕ್ಟೋಬರ್ ೯ರ ರಾತ್ರಿ, ಮಾಸ್ಕೋದಲ್ಲಿ ಚರ್ಚಿಲ್ಲರು ಅರ್ಧ ಹಾಳೆಯ ಮೇಲೆ ಒಂದು ಲೆಕ್ಕ ಬರೆದು ಸ್ಟಾಲಿನರ ಮುಂದೆ ದೂಡಿದರು. ರುಮೇನಿಯದಲ್ಲಿ ರಷ್ಯದ ಪ್ರಭಾವವು ನೂರಕ್ಕೆ ೯೦. ಗ್ರೀಸಿನಲ್ಲಿ ಇಂಗ್ಲೆಂಡಿನದು ೯೦. ಯುಗೊಸ್ಲಾವಿಯ, ಹಂಗೆರಿಗಳಲ್ಲಿ ಸಮಪಾಲು. ಬಲ್ಗೇರಿಯದಲ್ಲಿ ರಷ್ಯದ್ದು ೭೫. ಸ್ಟಾಲಿನರು ನೀಲಿ ಪೆನ್ಸಿಲಿನಿಂದ ಒಂದು ಗುರುತು ಹಾಕಿ ಹಾಳೆಯನ್ನು ಹಿಂದಿರುಗಿಸಿದರು. ಲಕ್ಷಾಂತರ ಜನರ ಬಾಳನ್ನು ಇಷ್ಟು ಹಗುರವಾಗಿ ತೀರಿಸಿದರೆಂದು ಲೋಕವು ಆಡಿಕೊಂಡೀತೆಂದು ಚರ್ಚಿಲ್ಲರಿಗೇ ಅಳುಕಾಗಿ, ಇದನ್ನು ಸುಟ್ಟುಬಿಡೋಣವೇ ಎಂದರಂತೆ. ಬೇಡ, ನೀವೇ ಇಟ್ಟುಕೊಳ್ಳಿರೆಂದರಂತೆ ಸ್ಟಾಲಿನರು. ಈ ಹಾಳೆಯಲ್ಲಿ ಪೋಲೆಂಡಿನ ಹೆಸರಿರಲಿಲ್ಲ. ಹೆಸರಿಲ್ಲದಿದ್ದರೂ ಹಾಳೆಯಿಂದ ಸ್ಟಾಲಿನರು ಒಂದು ಪಾಠವನ್ನು ಓದಿಕೊಂಡಂತೆ ತೋರುತ್ತದೆ: ಇವರು ಬಾಯಲ್ಲಿ ಏನನ್ನೇ ಹೇಳಲಿ, ಹಂಚಿಕೆಗೆ ಒಪ್ಪುವವರು.

ಆ ವೇಳೆಗೆ ವಾರ್ಸಾ ನಗರವು ಬೂದಿಯಾಗುತ್ತಿತ್ತು. ೧೯೪೪ನೆಯ ಆಗಸ್ಟ್ ೧ರಂದು ಅಲ್ಲಿನ ಗುಪ್ತ ಸೇನೆಯು ಜರ್ಮನರ ಮೇಲೆ ದಂಗೆಯೆದ್ದಿತ್ತು. ಲಂಡನ್ನಿನ ಸರಕಾರಕ್ಕೆ ನಿಷ್ಠವಾದ ಸೇನೆ ಅದು. ರಷ್ಯನರು ಬರುವ ಮೊದಲೇ ರಾಜಧಾನಿಯು ಪೋಲಿಷರ ಕೈಯಲ್ಲಿರಬೇಕೆಂಬುದು ಅದರ ಆಸೆ. ಕೆಂಪು ಸೇನೆಯು ವಿಸ್ಟುಲಾ ನದಿಯ ಪೂರ್ವದಂಡೆಗೆ ಬಂದು ನಿಂತಿತು. ದೂರದ ದಂಡಯಾತ್ರೆಯಿಂದ ಬಳಲಿದ್ದುದು ನಿಜವೇ. ಆದರೆ ದಂಗೆಕೋರರಿಗೆ ಸಾಮಗ್ರಿ ಇಳಿಸುವ ಅಮೆರಿಕದ ವಿಮಾನಗಳು ತಮ್ಮ ನಿಲ್ದಾಣಗಳಲ್ಲಿ ಇಳಿಯಲು ಸ್ಟಾಲಿನರು ವಾರಗಟ್ಟಲೆ ಅನುಮತಿ ಕೊಡದಿದ್ದುದಕ್ಕೆ ಬಳಲಿಕೆಯು ಉತ್ತರವಾಗದು. ೬೩ ದಿನಗಳ ಮೇಲೆ ದಂಗೆ ಅಡಗಿತು. ಸತ್ತ ನಾಗರಿಕರು ಒಂದೂವರೆ ಲಕ್ಷದಿಂದ ಎರಡು ಲಕ್ಷ. ರಷ್ಯಕ್ಕೆ ಎದುರು ನಿಲ್ಲಬಹುದಾಗಿದ್ದ ಪೋಲಿಷ್ ಶಕ್ತಿಯನ್ನು ಜರ್ಮನರೇ ತೊಡೆದುಹಾಕಿದಂತಾಯಿತು. ಇದನ್ನು ನೋಡುತ್ತಿದ್ದ ಆಂಗ್ಲ ಮತ್ತು ಅಮೆರಿಕನ್ ರಾಯಭಾರಿಗಳಲ್ಲಿ ಕೆಲವರ ಮನಸ್ಸು ಆಗಲೇ ತಿರುಗಿತು.

ಇನ್ನು ಯಾಲ್ಟಾ. ೧೯೪೫ನೆಯ ಫೆಬ್ರವರಿ ೪ರಿಂದ ೧೧ರವರೆಗೆ ಕಪ್ಪು ಸಮುದ್ರದ ತೀರದ ಆ ಊರಿನಲ್ಲಿ ಮೂವರೂ ಮತ್ತೆ ಸೇರಿದಾಗ, ಪೋಲೆಂಡಿನ ಬಹುಭಾಗವು ರಷ್ಯದ ಸೇನೆಯ ವಶದಲ್ಲಿತ್ತು. ಕಮ್ಯೂನಿಸ್ಟರ ಪ್ರಾಬಲ್ಯದ ಒಂದು ಸರಕಾರವನ್ನು ಸ್ಟಾಲಿನರು ಜನವರಿಯಲ್ಲಿಯೇ ಮಾನ್ಯಮಾಡಿದ್ದರು. ರೂಸ್‌ವೆಲ್ಟರಿಗೆ ಜಪಾನಿನ ಮೇಲಣ ಯುದ್ಧದಲ್ಲಿ ರಷ್ಯದ ಸಹಾಯ ಬೇಕಾಗಿತ್ತು. ಸಂಯುಕ್ತ ರಾಷ್ಟ್ರಸಂಸ್ಥೆಯಲ್ಲಿ ರಷ್ಯವು ಸೇರಬೇಕಾಗಿತ್ತು. ಅವರ ದೇಹಸ್ಥಿತಿಯೂ ಕುಂದಿತ್ತು. ಚರ್ಚಿಲ್ಲರು ಪೋಲೆಂಡು ತಮಗೆ ಮಾನದ ಪ್ರಶ್ನೆಯೆಂದರು. ರಷ್ಯಕ್ಕೆ ಅದು ಮಾನದ ಪ್ರಶ್ನೆಯೂ ಹೌದು, ಪ್ರಾಣದ ಪ್ರಶ್ನೆಯೂ ಹೌದೆಂದು ಸ್ಟಾಲಿನರು ಉತ್ತರವಿತ್ತರು. ಕಡೆಗೆ ಒಂದು ವಾಕ್ಯಕ್ಕೆ ಎಲ್ಲರೂ ಒಪ್ಪಿದರು: ಈಗಿರುವ ಸರಕಾರವನ್ನು ಹೆಚ್ಚು ವಿಶಾಲವಾದ ಪ್ರಜಾಪ್ರಭುತ್ವದ ತಳಹದಿಯ ಮೇಲೆ ಪುನರ್ರಚಿಸತಕ್ಕದ್ದು, ಆದಷ್ಟು ಬೇಗನೆ ಗುಪ್ತಮತದಿಂದ ನಿರ್ಬಂಧವಿಲ್ಲದ ಚುನಾವಣೆ ನಡೆಯತಕ್ಕದ್ದು.

ನಮ್ಮಲ್ಲಿ ದಾಯಾದಿಗಳು ಪಾಲುಪತ್ರವನ್ನು ಬರೆಯಿಸುವಾಗ ಚಕ್ಕುಬಂದಿಯನ್ನು ಸರಿಯಾಗಿ ಕಾಣಿಸದೆ, ‘ಮೂಡಲಿಗೆ ಹಳ್ಳ’ ಎಂದಷ್ಟೇ ಬರೆದು ಸಹಿ ಹಾಕಿ ಎದ್ದುಬಿಡುವುದುಂಟು. ಆ ಹೊತ್ತಿಗೆ ಎಲ್ಲರಿಗೂ ಸಮಾಧಾನ. ಹಳ್ಳವು ಪಾತ್ರ ಬದಲಿಸಿದ ವರ್ಷ ವ್ಯಾಜ್ಯವು ಕೋರ್ಟಿಗೆ ಹೋಗುವುದು. ಯಾಲ್ಟಾದ ವಾಕ್ಯವು ಅಂಥದೇ. ರೂಸ್‌ವೆಲ್ಟರ ಜೊತೆಗಿದ್ದ ಅಡ್ಮಿರಲ್ ಲೀಹಿ ಎಂಬವರು, ಇದನ್ನು ರಷ್ಯನರು ಯಾಲ್ಟಾದಿಂದ ವಾಷಿಂಗ್ಟನ್ನಿನವರೆಗೆ ಎಳೆದರೂ ಹರಿಯದಷ್ಟು ಸಡಿಲವಾಗಿದೆಯೆಂದು ಅಲ್ಲಿಯೇ ಎಚ್ಚರಿಸಿದರು. ಬಲ್ಲೆನು, ಆದರೆ ಇದಕ್ಕಿಂತ ಹೆಚ್ಚು ನನ್ನಿಂದಾಗದೆಂಬ ಅರ್ಥದ ಉತ್ತರವು ರೂಸ್‌ವೆಲ್ಟರಿಂದ ಬಂದಿತು.

ಪ್ರಜಾಪ್ರಭುತ್ವ ಎಂಬ ಒಂದೇ ಮಾತಿಗೆ ಮೇಜಿನ ಎರಡು ಪಕ್ಕಗಳಲ್ಲಿ ಎರಡು ಅರ್ಥಗಳಿದ್ದುವು. ಅನೇಕ ಪಕ್ಷಗಳು, ಬಾಯಿಗೆ ಬೀಗವಿಲ್ಲದ ಪತ್ರಿಕೆಗಳು, ಮತದಿಂದ ಇಳಿಸಬಹುದಾದ ಸರಕಾರ, ಇವು ಪಶ್ಚಿಮದವರ ಅರ್ಥ. ಜಮೀನ್ದಾರರೂ ಬಂಡವಾಳಗಾರರೂ ತಲೆಯೆತ್ತದಂತೆ ಕಾರ್ಮಿಕರ ಹೆಸರಿನಲ್ಲಿ ಒಂದು ಪಕ್ಷವು ಆಳುವುದು ರಷ್ಯನರ ಅರ್ಥ. ಅದಕ್ಕೆ ಅಡ್ಡಬಂದವರು ಅವರ ನುಡಿಯಲ್ಲಿ ಫ್ಯಾಸಿಸ್ಟರು. ಪೋಲೆಂಡಿನಲ್ಲಿ ರಷ್ಯಕ್ಕೆ ಸ್ನೇಹವುಳ್ಳ ಸರಕಾರವಿರಬೇಕೆಂಬುದಕ್ಕೂ ಎಲ್ಲರ ಒಪ್ಪಿಗೆಯಿತ್ತು. ಕಟೀನ್ ಕಾಡಿನ, ಸೈಬೀರಿಯದ, ವಾರ್ಸಾದ ನೆನಪು ಹಸಿಯಾಗಿದ್ದ ಜನರಿಗೆ ಮನಬಂದಂತೆ ಮತ ಹಾಕಲು ಬಿಟ್ಟಿದ್ದರೆ ರಷ್ಯದ ಸ್ನೇಹಿತರನ್ನು ಅವರು ಆರಿಸುತ್ತಿದ್ದರೇ? ಸ್ವತಂತ್ರವೂ ಸ್ನೇಹಶೀಲವೂ ಆದ ಪೋಲೆಂಡೆಂಬುದು ಕಾಗದದ ಮೇಲೆ ಮಾತ್ರ ಇರಬಹುದಾದ ವಸ್ತು. ನಮ್ಮ ಎಣಿಕೆಯಲ್ಲಿ ಮುಂದಿನ ವೈರದ ಗಂಟು ಇಲ್ಲಿಯೇ ಬಿದ್ದಿತು: ಎರಡು ಕೂಡದ ಸಂಗತಿಗಳನ್ನು ಒಂದು ವಾಕ್ಯದಲ್ಲಿ ಕೂಡಿಸಿ, ಎರಡು ಕಡೆಯವರೂ ತಮಗೆ ಬೇಕಾದ ಅರ್ಧವನ್ನು ವಚನವೆಂದು ತಿಳಿದು ಮನೆಗೆ ಹೋದರು.

ಸ್ಟಾಲಿನರಿಗೆ ಹೇಳಿಕೊಳ್ಳಲು ಏನೂ ಇರಲಿಲ್ಲವೆಂದಲ್ಲ. ಈ ಯುದ್ಧದಲ್ಲಿ ಅವರ ರಾಜ್ಯವು ಸುಮಾರು ೨ ಕೋಟಿ ೭೦ ಲಕ್ಷ ಜನರನ್ನು ಕಳೆದುಕೊಂಡಿತು. ಅಮೆರಿಕವು ಕಳೆದುಕೊಂಡುದು ಸುಮಾರು ೪ ಲಕ್ಷ. ೧೯೪೪ನೆಯ ಡಿಸೆಂಬರಿನಲ್ಲಿ ಆಂಗ್ಲ ಸೇನೆಯು ಅಥೆನ್ಸಿನ ಬೀದಿಗಳಲ್ಲಿ ಕಮ್ಯೂನಿಸ್ಟರ ನಾಯಕತ್ವದ ದಳಗಳ ಮೇಲೆ ಗುಂಡು ಹಾರಿಸಿದಾಗ ಅವರು ಹಾಳೆಯ ಕರಾರಿನಂತೆ ಸುಮ್ಮನಿದ್ದರು. ಗ್ರೀಸಿನ ಸರಕಾರ, ಬೆಲ್ಜಿಯಮ್ಮಿನ ಸರಕಾರ ಹೇಗೆ ಏರ್ಪಟ್ಟಿತೆಂದು ನಾನು ಕೇಳಲಿಲ್ಲ, ನನ್ನ ನೆರೆಮನೆಯ ವಿಷಯವನ್ನು ನೀವೇಕೆ ಕೇಳುವಿರಿ ಎಂಬ ಭಾವದ ತಂತಿಯನ್ನು ಅವರು ೧೯೪೫ನೆಯ ಏಪ್ರಿಲಿನಲ್ಲಿ ಚರ್ಚಿಲ್ಲರಿಗೆ ಕಳುಹಿಸಿದರು. ಇದಕ್ಕೆ ಮಾರುತ್ತರ ಕೊಡುವುದು ಸುಲಭವಾಗಿರಲಿಲ್ಲ. ಪೋಲೆಂಡಿನ ಸ್ವಾತಂತ್ರ್ಯಕ್ಕಾಗಿ ಯಾಲ್ಟಾದಲ್ಲಿ ವಾದಿಸಿದ ಚರ್ಚಿಲ್ಲರ ಸರಕಾರವೇ ಆ ದಿನಗಳಲ್ಲಿ ನಮ್ಮ ನೆಹರೂ, ಪಟೇಲ್, ಆಜಾದರನ್ನು ಸೆರೆಯಲ್ಲಿಟ್ಟಿತ್ತು. ಜನರು ತಮ್ಮ ಸರಕಾರವನ್ನು ತಾವೇ ಆರಿಸಿಕೊಳ್ಳಬೇಕೆಂಬ ಅಟ್ಲಾಂಟಿಕ್ ಸನ್ನದು ಇಂಡಿಯಕ್ಕೆ ಸಲ್ಲದೆಂದು ೧೯೪೧ರಲ್ಲಿಯೇ ಅವರು ಪಾರ್ಲಿಮೆಂಟಿನಲ್ಲಿ ಹೇಳಿದ್ದರು. ಆದರೂ ಒಬ್ಬನ ಬೂಟಾಟಿಕೆಯು ಇನ್ನೊಬ್ಬನ ಬಲಾತ್ಕಾರಕ್ಕೆ ಸಮರ್ಥನೆಯಾಗುವುದಿಲ್ಲ. ಪೋಲಿಷರು ತೆತ್ತುದು ಎರಡಕ್ಕೂ.

ಯಾಲ್ಟಾದ ಶಾಯಿ ಒಣಗಿ ಎರಡು ತಿಂಗಳಾಗಿರಲಿಲ್ಲ. ೧೯೪೫ನೆಯ ಮಾರ್ಚ್ ಕೊನೆಯಲ್ಲಿ ಪೋಲೆಂಡಿನ ಗುಪ್ತ ಚಳುವಳಿಯ ೧೬ ಮಂದಿ ಮುಖಂಡರನ್ನು ರಷ್ಯದ ಅಧಿಕಾರಿಗಳು ಮಾತುಕತೆಗೆಂದು ಕರೆದರು. ಬಂದವರನ್ನು ಹಿಡಿದು ಮಾಸ್ಕೋದ ಸೆರೆಮನೆಗೆ ಒಯ್ದರು. ಜೂನಿನಲ್ಲಿ ವಿಚಾರಣೆ ನಡೆದು ಬಹುಮಂದಿಗೆ ಶಿಕ್ಷೆಯಾಯಿತು. ಏಪ್ರಿಲ್ ೧೨ರಂದು ರೂಸ್‌ವೆಲ್ಟರು ತೀರಿಕೊಂಡು ಟ್ರೂಮನ್ನರು ಅಧ್ಯಕ್ಷರಾದರು. ಅವರು ೨೩ರಂದು ರಷ್ಯದ ವಿದೇಶಾಂಗ ಮಂತ್ರಿ ಮೊಲೊಟಾವರಿಗೆ ಪೋಲೆಂಡಿನ ವಿಷಯವಾಗಿಯೇ ಬಿ್ರುಸಾದ ಮಾತುಗಳನ್ನಾಡಿದರು. ಆಡಿದರೇನು, ಜುಲೈ ೫ರಂದು ಅಮೆರಿಕವೂ ಇಂಗ್ಲೆಂಡೂ ಆ ವಾರ್ಸಾ ಸರಕಾರವನ್ನೇ ಮಾನ್ಯಮಾಡಿದುವು. ಲಂಡನ್ನಿನಿಂದ ಹೋಗಿದ್ದ ರೈತಪಕ್ಷದ ಮಿಕೋಲಾಯ್‌ಚಿಕ್ ಎಂಬವರನ್ನು ಅದರಲ್ಲಿ ಉಪಪ್ರಧಾನಿಯನ್ನಾಗಿ ಸೇರಿಸಿಕೊಂಡಿದ್ದರು. ವಚನವಿತ್ತ ಚುನಾವಣೆಯು ೧೯೪೭ನೆಯ ಜನವರಿ ೧೯ರಂದು ನಡೆಯಿತು. ಅಭ್ಯರ್ಥಿಗಳ ಬಂಧನ, ಪಟ್ಟಿಗಳ ರದ್ದತಿ, ಸುಳ್ಳು ಎಣಿಕೆ. ಕಮ್ಯೂನಿಸ್ಟರ ಕೂಟಕ್ಕೆ ನೂರಕ್ಕೆ ೮೦ ಮತ ಬಂದಿತೆಂದು ಸಾರಿದರು. ಪೋಲಿಷರು ಪಾರ್ಲಿಮೆಂಟಿನ ಎಲ್ಲ ಸ್ಥಾನಗಳಿಗೂ ನಿರ್ಬಂಧವಿಲ್ಲದೆ ಮತ ಹಾಕಿದುದು ೧೯೯೧ರಲ್ಲಿ.

ಆಮೇಲಿನ ಸಂಗತಿಗಳು ಓದುಗರಿಗೆ ಹೆಚ್ಚು ಪರಿಚಿತವಾದುದರಿಂದ ಬೇಗನೆ ಹೇಳಬಹುದು. ೧೯೪೬ನೆಯ ಫೆಬ್ರವರಿಯಲ್ಲಿ ಮಾಸ್ಕೋದ ಅಮೆರಿಕನ್ ರಾಯಭಾರ ಕಚೇರಿಯಿಂದ ಜಾರ್ಜ್ ಕೆನನ್ ಎಂಬವರು ವಾಷಿಂಗ್ಟನ್ನಿಗೆ ಬಹಳ ಉದ್ದವಾದ ತಂತಿಯೊಂದನ್ನು ಕಳುಹಿಸಿದರು: ರಷ್ಯದೊಡನೆ ಶಾಶ್ವತವಾದ ಹೊಂದಾಣಿಕೆ ಆಗದು, ಅದು ಬಲದ ಮಾತನ್ನು ಮಾತ್ರ ಕೇಳುವುದು ಎಂದು ಅದರ ಸಾರ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ವಾಷಿಂಗ್ಟನ್ನಿನ ರಷ್ಯನ್ ರಾಯಭಾರಿ ನೋವಿಕಾವರು ಮಾಸ್ಕೋಗೆ ಬರೆದರು: ಅಮೆರಿಕವು ಲೋಕವನ್ನೇ ಆಳಲು ಹೊರಟಿದೆ ಎಂದು. ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ಓದಿದರೆ, ಎದುರುಬದುರು ನಿಲ್ಲಿಸಿದ ಕನ್ನಡಿಗಳ ನೆನಪಾಗುವುದು.

೧೯೪೭ನೆಯ ಫೆಬ್ರವರಿಯಲ್ಲಿ ಇಂಗ್ಲೆಂಡಿನ ಬೊಕ್ಕಸವು ಬರಿದಾಗಿತ್ತು. ಚಳಿಯೋ ಕಡುಚಳಿ, ಕಲ್ಲಿದ್ದಲಿಗೂ ಅಭಾವ. ೨೦ರಂದು ಪ್ರಧಾನಿ ಆಟ್ಲಿಯವರು, ೧೯೪೮ನೆಯ ಜೂನಿನೊಳಗಾಗಿ ಇಂಡಿಯವನ್ನು ಬಿಟ್ಟುಹೋಗುವೆವೆಂದು ಪ್ರಕಟಿಸಿದರು. ಮರುದಿನವೇ, ಗ್ರೀಸು ತುರ್ಕಿಗಳ ಭಾರವನ್ನು ಇನ್ನು ಹೊರಲಾರೆವೆಂಬ ಇಂಗ್ಲೆಂಡಿನ ಪತ್ರವು ಅಮೆರಿಕಕ್ಕೆ ತಲಪಿತು. ನಮಗೆ ಬಿಡುಗಡೆಯನ್ನು ಹತ್ತಿರ ತಂದ ಬಡತನವೇ ಅಮೆರಿಕವನ್ನು ಯೂರೋಪಿನ ಕಾವಲಿಗೆ ಎಳೆಯಿತೆನ್ನಬೇಕು. ಮಾರ್ಚ್ ೧೨ರಂದು ಟ್ರೂಮನ್ನರು ಆ ಎರಡು ದೇಶಗಳಿಗಾಗಿ ೪೦ ಕೋಟಿ ಡಾಲರುಗಳನ್ನು ಕೇಳಿ, ಲೋಕವು ಎರಡು ಜೀವನಕ್ರಮಗಳಾಗಿ ಒಡೆದಿದೆಯೆಂದು ಬಹಿರಂಗವಾಗಿ ಹೇಳಿದರು. ಜೂನ್ ೫ರಂದು ಮಾರ್ಷಲ್ಲರು ಯೂರೋಪಿನ ಪುನರುದ್ಧಾರಕ್ಕೆ ಹಣ ಕೊಡುವ ಯೋಜನೆಯನ್ನು ಸೂಚಿಸಿದರು. ಪ್ಯಾರಿಸ್ಸಿನ ಸಭೆಗೆ ಹೋಗಲು ಪೋಲೆಂಡು ಮನಸ್ಸು ಮಾಡಿತು. ಚೆಕೋಸ್ಲೊವಾಕಿಯವು ಒಪ್ಪಿಯೇ ಬಿಟ್ಟಿತ್ತು. ಮಾಸ್ಕೋದಿಂದ ಕಣ್ಣು ಕೆಂಪಾದೊಡನೆ ಎರಡೂ ಹಿಂಜರಿದುವು. ಪೋಲೆಂಡಿನ ಸರಕಾರದಲ್ಲಿದ್ದವರು ರಷ್ಯದ ಆಪ್ತರೇ. ಸುಟ್ಟ ಊರುಗಳನ್ನು ಕಟ್ಟಲು ಅವರಿಗೂ ಹಣ ಬೇಕಾಗಿತ್ತು.

ಆ ಸೆಪ್ಟೆಂಬರಿನಲ್ಲಿ ಯೂರೋಪಿನ ಕಮ್ಯೂನಿಸ್ಟ್ ಪಕ್ಷಗಳ ಮುಖಂಡರು ಕಾಮಿನ್‌ಫಾರ್ಮ್ ಎಂಬ ಕೂಟವನ್ನು ಕಟ್ಟಿ, ಲೋಕವು ಎರಡು ಪಾಳೆಯಗಳಾಗಿದೆಯೆಂದು ತಮ್ಮ ಕಡೆಯಿಂದಲೂ ಸಾರಿದರು. ಅವರು ಕೂಡಿದುದು ಪೋಲೆಂಡಿನಲ್ಲಿ. ಬೆಂಕಿಕಡ್ಡಿಗಳು ಸರಿದಾಗ ಜರ್ಮನಿಯಿಂದ ಅದಕ್ಕೆ ಬಂದ ಒಂದು ಬೆಟ್ಟದ ಊರಿನಲ್ಲಿ. ಅಕ್ಟೋಬರಿನಲ್ಲಿ ಮಿಕೋಲಾಯ್‌ಚಿಕರು ಪ್ರಾಣಭಯದಿಂದ ದೇಶಬಿಟ್ಟು ಓಡಿಹೋದರು. ೧೯೪೮ರಲ್ಲಿ ಪ್ರಾಗ್ ನಗರವು ಕಮ್ಯೂನಿಸ್ಟರ ಕೈಗೆ ಹೋಯಿತು, ಬರ್ಲಿನ್ನಿನ ದಾರಿಗಳು ಮುಚ್ಚಿದುವು.

ಆ ಎರಡು ವರ್ಷಗಳಲ್ಲಿ ವಳಿವಡೆಯ ಬೀಡು ತೆರವಾಗುತ್ತ ಬಂದಿತು. ಅಲ್ಲಿದ್ದ ಹೆಂಗಸರಲ್ಲಿ ಹೆಚ್ಚಿನವರು ಪೋಲೆಂಡಿನ ಪೂರ್ವಸೀಮೆಯವರು. ಅವರ ಮನೆಗಳಿದ್ದ ನೆಲವು ಈಗ ಸೋವಿಯೆತ್ ರಾಜ್ಯದೊಳಗೆ ಸೇರಿಹೋಗಿತ್ತು. ತಮ್ಮನ್ನು ರೈಲುಡಬ್ಬಿಯಲ್ಲಿ ತುಂಬಿದವರ ಆಳಿಕೆಗೆ ಮರಳಿ ಹೋಗಲು ಒಪ್ಪಿದವರು ಕೆಲವರು ಮಾತ್ರ. ಉಳಿದವರು ಇಂಗ್ಲೆಂಡಿಗೆ, ಆಸ್ಟ್ರೇಲಿಯಕ್ಕೆ, ಅಮೆರಿಕಕ್ಕೆ ಹೊರಟರು. ೧೯೪೮ರಲ್ಲಿ ಬೀಡನ್ನು ಮುಚ್ಚಿದರು.